ಸ್ಪ್ರಿಂಗ್‌ಫೀಲ್ಡಿನ ಒಂಟಿ ಜೀವಗಳು: ಯಾರ ಕಥೆಯನ್ನು ಮೊದಲು ನೋಡಬೇಕು?

‘ದ ಸಿಂಪ್ಸನ್ಸ್’ ಸರಣಿಯನ್ನು ಕುಟುಂಬದ ಹಾಸ್ಯವೆಂದು ಕರೆಯುವುದು ವಾಡಿಕೆ. 1989ರ ಡಿಸೆಂಬರ್ 17ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾದ ಈ ಅನಿಮೇಷನ್ ಧಾರಾವಾಹಿಯ ನಡುಮನೆಯಲ್ಲಿ ಹೋಮರ್, ಮಾರ್ಜ್, ಬಾರ್ಟ್, ಲೀಸಾ ಮತ್ತು ಕೂಸು ಮ್ಯಾಗಿ ಇದ್ದಾರೆ. ಎಂಥ ಜಗಳವಾದರೂ ಕಂತು ಮುಗಿಯುವ ಹೊತ್ತಿಗೆ ಆ ಐವರೂ ಮತ್ತೆ ಒಂದೇ ಸೂರಿನಡಿ ಸೇರುತ್ತಾರೆ. ಆದರೆ ಆ ಮನೆಯ ಹೊಸ್ತಿಲು ದಾಟಿದರೆ ಕಾಣುವ ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಒಂಟಿಗರಿಂದ ತುಂಬಿಹೋಗಿದೆ. ಬಾರ್ ನಡೆಸುವ ಮೋ, ನಾಲ್ಕನೆಯ ತರಗತಿಯ ಶಿಕ್ಷಕಿ ಎಡ್ನಾ ಕ್ರಬಾಪಲ್, ತಾಯಿಯ ಮಾತು ಮೀರಲಾರದ ಪ್ರಿನ್ಸಿಪಾಲ್ ಸ್ಕಿನ್ನರ್, ಮಾರ್ಜ್‌ಳ ಅಕ್ಕ ಸೆಲ್ಮಾ, ವೃದ್ಧಾಶ್ರಮದಲ್ಲಿ ದಿನ ದೂಡುವ ಅಜ್ಜ ಏಬ್, ವಿಚ್ಛೇದಿತ ಕರ್ಕ್, ಹೆಂಡತಿಯನ್ನು ಕಳೆದುಕೊಂಡ ನೆರೆಮನೆಯ ನೆಡ್ ಫ್ಲ್ಯಾಂಡರ್ಸ್ ಇವರೆಲ್ಲರೂ ಒಂದಲ್ಲ ಒಂದು ಕಂತಿನಲ್ಲಿ ಜೊತೆಗಾಗಿ ಹಂಬಲಿಸಿದವರು.

ಈ ಪೋಷಕ ಪಾತ್ರಗಳ ಪ್ರೀತಿಯ ಕಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂದು ಯೋಚಿಸುವವರಿಗಾಗಿ ಈ ಬರಹ. 750ಕ್ಕೂ ಹೆಚ್ಚು ಕಂತುಗಳನ್ನು ಮೊದಲಿನಿಂದ ನೋಡುತ್ತ ಬರುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ಅದರ ಅಗತ್ಯವೂ ಇಲ್ಲ. ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹಿಂದಿನದು ಗೊತ್ತಿಲ್ಲದಿದ್ದರೂ ಕಥೆ ಅರ್ಥವಾಗುತ್ತದೆ. ಆದ್ದರಿಂದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾರ ಒಂಟಿತನವನ್ನು ಈ ಧಾರಾವಾಹಿ ಗೌರವದಿಂದ ಕಂಡಿದೆ ಮತ್ತು ಯಾರದನ್ನು ಬರೀ ನಗೆಗಾಗಿ ಬಳಸಿ ಬಿಟ್ಟಿದೆ ಎಂಬುದು.

ಹೋಲಿಕೆಗೆ ಮುನ್ನ ಒಂದು ಕಾರಣವನ್ನು ಗಮನಿಸಬೇಕು. ಈ ಸರಣಿಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಬಾರ್ಟ್‌ಗೆ ಮೂರು ದಶಕಗಳಿಂದಲೂ 10 ವರ್ಷ, ಲೀಸಾಳಿಗೆ 8. ಹೋಮರ್ ಮತ್ತು ಮಾರ್ಜ್‌ರ ಸಂಸಾರ ಒಡೆದರೆ ಧಾರಾವಾಹಿಯೇ ಇರುವುದಿಲ್ಲವಾದ್ದರಿಂದ ಅವರ ದಾಂಪತ್ಯಕ್ಕೆ ಏನೂ ಆಗದು ಎಂಬ ಭರವಸೆ ನೋಡುಗರಿಗೆ ಮೊದಲೇ ಇರುತ್ತದೆ. ಹೀಗಾಗಿ ಬದುಕಿನಲ್ಲಿ ನಿಜವಾಗಿ ನಡೆಯುವ ಸಾವು, ವಿಚ್ಛೇದನ, ತಡವಾದ ಮದುವೆ, ಮುರಿದ ನಿಶ್ಚಿತಾರ್ಥಗಳೆಲ್ಲ ಅಕ್ಕಪಕ್ಕದವರ ಪಾಲಿಗೆ ಬಂದಿವೆ. ಇನ್ನೊಂದು ಕಡೆ, ಹೋಮರ್ ಸಂಜೆ ಬಾರಿಗೆ ಬಂದಾಗ ಕಟ್ಟೆಯ ಹಿಂದೆ ಮೋ ಎಂದಿನಂತೆ ಮುಖ ಗಂಟಿಕ್ಕಿಕೊಂಡು ನಿಂತಿರಲೇಬೇಕು. ಅವನು ಮದುವೆಯಾಗಿ ಸುಖವಾಗಿದ್ದರೆ ಆ ಬಾರಿನ ಹಾಸ್ಯ ನಡೆಯುವುದಿಲ್ಲ. ಕೆಲವರಿಗೆ ಬದಲಾಗುವ ಅವಕಾಶ ಸಿಕ್ಕಿತು, ಕೆಲವರಿಗೆ ಅದೇ ಜಾಗದಲ್ಲಿ ಉಳಿಯುವ ಶಿಕ್ಷೆ ಸಿಕ್ಕಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಒಂದೇ ಒಂದು ಕಂತನ್ನು ನೋಡುವಷ್ಟು ಸಮಯ ಇರುವವರಿಗೆ ನಾನು ಹಿಂಜರಿಕೆಯಿಲ್ಲದೆ ಹೇಳುವುದು ‘ಬಾರ್ಟ್ ದ ಲವರ್’. 1992ರ ಫೆಬ್ರುವರಿ 13ರಂದು, ಅಂದರೆ ಪ್ರೇಮಿಗಳ ದಿನದ ಹಿಂದಿನ ರಾತ್ರಿ, ಮೂರನೆಯ ಸೀಸನ್‌ನಲ್ಲಿ ಪ್ರಸಾರವಾದ ಕಂತು ಇದು. ತರಗತಿಯಲ್ಲಿ ಯೋ-ಯೋ ಆಡಿಸಿ ಮೀನಿನ ತೊಟ್ಟಿ ಒಡೆದ ತಪ್ಪಿಗೆ ಬಾರ್ಟ್ ಒಂದು ತಿಂಗಳು ಶಾಲೆ ಬಿಟ್ಟ ಮೇಲೂ ಉಳಿದುಕೊಳ್ಳಬೇಕಾಗುತ್ತದೆ. ಆಗ ಶಿಕ್ಷಕಿಯ ಮೇಜಿನಲ್ಲಿ, ಜೊತೆಗಾರ ಬೇಕೆಂದು ಎಡ್ನಾ ಪತ್ರಿಕೆಗೆ ಕೊಟ್ಟ ಜಾಹೀರಾತು ಅವನ ಕಣ್ಣಿಗೆ ಬೀಳುತ್ತದೆ. ಸೇಡು ತೀರಿಸಿಕೊಳ್ಳಲು ಅವನು ವುಡ್ರೋ ಎಂಬ ಹೆಸರಿನಲ್ಲಿ ಪ್ರೇಮಪತ್ರ ಬರೆದು, ಐಸ್ ಹಾಕಿ ಆಟಗಾರ ಗಾರ್ಡಿ ಹೋವ್ ಅವರ ಭಾವಚಿತ್ರವನ್ನು ತನ್ನದೆಂದು ಲಗತ್ತಿಸುತ್ತಾನೆ. ಮೊದಮೊದಲು ಇದು ಹುಡುಗಾಟಿಕೆ. ಆದರೆ ವುಡ್ರೋ ಬರುತ್ತಾನೆಂದು ನಂಬಿ ಎಡ್ನಾ ಊರಿನ ದುಬಾರಿ ಹೋಟೆಲಿನಲ್ಲಿ ಒಬ್ಬಳೇ ಕಾಯುತ್ತ ಕೂರುವ ದೃಶ್ಯ ಬಂದಾಗ ಬಾರ್ಟ್‌ನ ನಗೆ ಅವನ ಬಾಯಲ್ಲೇ ಒಣಗುತ್ತದೆ, ನಮ್ಮದೂ ಹಾಗೆಯೇ ಆಗುತ್ತದೆ.

ಈ ಕಂತನ್ನು ಮೊದಲ ಸ್ಥಾನದಲ್ಲಿ ಇಡಲು ಆ ದೃಶ್ಯಕ್ಕಿಂತ ಅದರ ನಂತರ ನಡೆಯುವುದೇ ನನಗೆ ಮುಖ್ಯ ಕಾರಣ. ಸತ್ಯ ಹೇಳಿದರೆ ಎಡ್ನಾಳಿಗೆ ಅವಮಾನವಾಗುತ್ತದೆ, ಹೇಳದಿದ್ದರೆ ಅವಳು ಕಾಯುತ್ತಲೇ ಇರುತ್ತಾಳೆ. ಈ ಇಕ್ಕಟ್ಟಿನಿಂದ ಪಾರಾಗಲು ಸಿಂಪ್ಸನ್ ಕುಟುಂಬದವರೆಲ್ಲ ಸೇರಿ ವುಡ್ರೋನ ಹೆಸರಿನಲ್ಲಿ ಒಂದು ಬೀಳ್ಕೊಡುಗೆಯ ಪತ್ರ ಬರೆಯುತ್ತಾರೆ. ತಾನು ಏಕೆ ಹೋಗುತ್ತಿದ್ದೇನೆಂದು ಹೇಳಲಾರೆ, ಆದರೆ ಗಾಳಿ ಬೀಸಿದಾಗಲೆಲ್ಲ ಅದು ಎಡ್ನಾ ಎಂದೇ ಪಿಸುಗುಟ್ಟುತ್ತದೆ ಎನ್ನುವ ಅರ್ಥದ ಪತ್ರ. ಒಬ್ಬಳ ಒಂಟಿತನವನ್ನು ನೀಗಲು ಯಾರಿಂದಲೂ ಆಗಲಿಲ್ಲ, ಆದರೆ ಅವಳ ಮರ್ಯಾದೆಯನ್ನು ಉಳಿಸಲು ಒಂದು ಮನೆಯೇ ಕೂತು ಕಷ್ಟಪಟ್ಟಿತು. ಕುಟುಂಬದ ಹಾಸ್ಯ ಎಂಬ ಮಾತಿಗೆ ಇದಕ್ಕಿಂತ ತುಂಬಿದ ಅರ್ಥವನ್ನು ಈ ಸರಣಿಯ ಬೇರೆ ಯಾವ ಕಂತಿನಲ್ಲೂ ನಾನು ಕಂಡಿಲ್ಲ. ಎಡ್ನಾಳಿಗೆ ದನಿ ನೀಡಿದ ಮಾರ್ಷಾ ವ್ಯಾಲೇಸ್ ಅವರಿಗೆ ಇದೇ ಕಂತಿಗಾಗಿ 1992ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಅವರ ಒರಟು ಗಂಟಲಿನ ಆ ‘ಹಾ!’ ಎಂಬ ನಗುವಿನಲ್ಲಿ ದಣಿವು, ಬಿಂಕ, ಆಸೆ ಮೂರೂ ಒಟ್ಟಿಗೆ ಕೇಳುತ್ತವೆ. ಸಣ್ಣ ಮಕ್ಕಳ ಜೊತೆ ನೋಡುವವರಿಗೆ ಒಂದು ಮಾತು: ಎಡ್ನಾ ತನ್ನ ಭಾವಚಿತ್ರವನ್ನು ವುಡ್ರೋಗೆ ಕಳಿಸುವ ಸನ್ನಿವೇಶ ದೊಡ್ಡವರಿಗಾಗಿ ಬರೆದದ್ದು.

ಎಡ್ನಾ ಇಷ್ಟವಾದರೆ ಅವಳ ಎಳೆಯನ್ನು ಹಿಡಿದು ಮುಂದೆ ಹೋಗಬಹುದು. 1997ರ ಏಪ್ರಿಲ್ 6ರಂದು ಬಂದ ‘ಗ್ರೇಡ್ ಸ್ಕೂಲ್ ಕಾನ್ಫಿಡೆನ್ಷಿಯಲ್’ ಕಂತಿನಲ್ಲಿ ವಿದ್ಯಾರ್ಥಿಯೊಬ್ಬನ ಹುಟ್ಟುಹಬ್ಬಕ್ಕೆ ಬಂದ ಅವಳೂ ಸ್ಕಿನ್ನರೂ ಮಕ್ಕಳ ಆಟದ ಮನೆಯೊಳಗೆ ಮುತ್ತಿಡುವುದನ್ನು ಬಾರ್ಟ್ ನೋಡಿಬಿಡುತ್ತಾನೆ, ಆಮೇಲೆ ಅವರ ಪತ್ರ ಸಾಗಿಸುವ ದೂತನಾಗುತ್ತಾನೆ. ಗುಟ್ಟು ರಟ್ಟಾಗಿ ಊರಿನ ಬಾಯಲ್ಲಿ ಗಾಳಿಸುದ್ದಿ ಬೆಳೆಯುವ ಪರಿ, ಅದನ್ನು ಸುಳ್ಳೆಂದು ತೋರಿಸಲು ಸ್ಕಿನ್ನರ್ ತಾನು ಈವರೆಗೆ ಯಾವ ಹೆಣ್ಣಿನ ಸಂಗವನ್ನೂ ಮಾಡಿಲ್ಲವೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕಾದ ಸಂಕಟ, ಎರಡೂ ಚೆನ್ನಾಗಿ ಬಂದಿವೆ. ‘ಬಾರ್ಟ್ ದ ಲವರ್’ಗೆ ಹೋಲಿಸಿದರೆ ಇಲ್ಲಿ ನಗು ಹೆಚ್ಚು, ನೋವು ಕಡಿಮೆ. ಒಂಟಿತನಕ್ಕಿಂತ ಪ್ರೀತಿಯನ್ನು ನೋಡಬೇಕೆನ್ನುವವರಿಗೆ ಇದೇ ಸರಿ. 2004ರ ‘ಮೈ ಬಿಗ್ ಫ್ಯಾಟ್ ಗೀಕ್ ವೆಡ್ಡಿಂಗ್’ನಲ್ಲಿ ಇವರಿಬ್ಬರ ಮದುವೆ ಮುರಿದುಬೀಳುತ್ತದೆ, ಸ್ಕಿನ್ನರ್‌ನ ಅಳುಕು ತಿಳಿದ ಎಡ್ನಾ ಮದುವೆಯ ದಿನವೇ ಹೊರಟುಹೋಗುತ್ತಾಳೆ. ಅವಳ ನಿರ್ಧಾರ ದೊಡ್ಡದು, ಆದರೆ ಕಂತಿನ ಬಹುಪಾಲು ಕಾಮಿಕ್ ಪುಸ್ತಕಪ್ರೇಮಿಗಳ ಸಮಾವೇಶದ ತಮಾಷೆಗೆ ಖರ್ಚಾಗಿದೆ. ಸಮಯವಿದ್ದರೆ ಮಾತ್ರ ಅದನ್ನು ನೋಡಿ.

ಮೋ ಸಿಜ್ಲಾಕ್‌ನ ವಿಷಯ ಬೇರೆ. ಎಡ್ನಾಳ ಒಂಟಿತನ ಹೊರಗಿನವರು ಕೈಕೊಟ್ಟದ್ದರಿಂದ ಬಂದದ್ದಾದರೆ, ಮೋನ ಒಂಟಿತನದಲ್ಲಿ ಅವನದೇ ಪಾಲು ದೊಡ್ಡದು. ತನ್ನನ್ನು ಯಾರಾದರೂ ಪ್ರೀತಿಸಲು ಸಾಧ್ಯವೆಂದು ಅವನು ನಂಬುವುದೇ ಇಲ್ಲ, ಆ ಅಪನಂಬಿಕೆಯೇ ಕೈಗೆ ಬಂದದ್ದನ್ನು ಹಾಳುಮಾಡುತ್ತದೆ. ಹ್ಯಾಂಕ್ ಅಜೇರಿಯಾ ಅವರ ಗೊಗ್ಗರು ದನಿಯಲ್ಲಿ ಬರುವ ಈ ಪಾತ್ರಕ್ಕೆ ಮೂರು ಕಂತುಗಳನ್ನು ಹೋಲಿಸಿ ನೋಡಬೇಕು.

1998ರ ಮಾರ್ಚ್ 1ರ ‘ಡಂಬೆಲ್ ಇಂಡೆಮ್ನಿಟಿ’ಯಲ್ಲಿ ಹೂವು ಮಾರುವ ರೆನೆ ಎಂಬ ಹೆಂಗಸು ಅವನನ್ನು ಮನಸಾರೆ ಮೆಚ್ಚುತ್ತಾಳೆ, ಹೆಲೆನ್ ಹಂಟ್ ಅವರ ದನಿ ಆ ಪಾತ್ರಕ್ಕಿದೆ. ಹಣ ಸುರಿಯದಿದ್ದರೆ ಅವಳು ಬಿಟ್ಟುಹೋಗುತ್ತಾಳೆಂಬ ಭಯದಿಂದ ಮೋ ಸಾಲದ ಮೇಲೆ ಸಾಲ ಮಾಡಿ, ವಿಮೆಯ ದುಡ್ಡಿಗಾಗಿ ತನ್ನ ಕಾರನ್ನು ಹೋಮರ್‌ನಿಂದ ನಾಶಮಾಡಿಸಲು ಹೊರಡುತ್ತಾನೆ. ಹೋಮರ್ ಜೈಲು ಸೇರುತ್ತಾನೆ, ಅವನನ್ನು ಬಿಡಿಸಲು ಇದ್ದ ಹಣವೂ ರೆನೆಯ ಪ್ರವಾಸದ ಕನಸಿಗೆ ಹೋಗುತ್ತದೆ. ಮೋ ತಪ್ಪೊಪ್ಪಿಕೊಂಡಾಗ ರೆನೆ ಕ್ಷಮಿಸಲು ಸಿದ್ಧಳಿರುತ್ತಾಳೆ. ಆದರೆ ಅವನು ಅಷ್ಟಕ್ಕೇ ನಿಲ್ಲದೆ ಮತ್ತೊಂದು ಕುಯುಕ್ತಿಯನ್ನು ಹೆಣೆಯಲು ಶುರುಮಾಡುವುದನ್ನು ಕಂಡು ಎದ್ದುಹೋಗುತ್ತಾಳೆ. ಇಷ್ಟು ನಿಖರವಾಗಿ ಕೀಳರಿಮೆಯನ್ನು ತೋರಿಸಿದ ಹಾಸ್ಯದ ಕಂತು ಅಪರೂಪ. 2009ರ ಏಪ್ರಿಲ್ 5ರ ‘ಈನಿ ಟೀನಿ ಮಾಯಾ ಮೋ’ ಇದೇ ರೋಗವನ್ನು ಇನ್ನೊಂದು ಬದಿಯಿಂದ ನೋಡುತ್ತದೆ. ಅಂತರ್ಜಾಲದಲ್ಲಿ ಪರಿಚಯವಾದ ಮಾಯಾ ತೀರ ಕುಳ್ಳಗಿನ ಹೆಂಗಸು. ಮೋಗೆ ಅವಳ ಮೇಲೆ ನಿಜವಾದ ಪ್ರೀತಿ ಇದೆ, ಆದರೆ ಅವಳ ಎತ್ತರದ ಬಗ್ಗೆ ತಮಾಷೆ ಮಾಡದೆ ಇರಲು ಅವನಿಂದ ಆಗುವುದಿಲ್ಲ. ಕೊನೆಗೆ ತನ್ನನ್ನೇ ಕುಳ್ಳಗಾಗಿಸುವ ಶಸ್ತ್ರಚಿಕಿತ್ಸೆಗೆ ಮುಂದಾಗುತ್ತಾನೆ, ಅವಳ ದೇಹ ಅವನ ಕಣ್ಣಿಂದ ಮರೆಯಾಗಲೇ ಇಲ್ಲ ಎಂಬುದು ಅದರಿಂದಲೇ ಅವಳಿಗೆ ಖಚಿತವಾಗುತ್ತದೆ. ಕಥೆಯ ಹುರುಳು ಎರಡನೆಯದರಲ್ಲಿ ಹೆಚ್ಚು, ಕಟ್ಟುವಿಕೆ ಮೊದಲನೆಯದರಲ್ಲಿ ಬಿಗಿ. ಮಾಯಾ 33ನೆಯ ಸೀಸನ್‌ನಲ್ಲಿ ಮರಳಿ ಬರುತ್ತಾಳಾದ್ದರಿಂದ, ಮೋಗೆ ಒಂದಿಷ್ಟು ಸುಖ ಸಿಗಲಿ ಎಂದು ಬಯಸುವವರು ಇದನ್ನೇ ಆರಿಸಿಕೊಳ್ಳುವುದು ಲೇಸು.

ಮೂರನೆಯದು ‘ಮೋ ಬೇಬಿ ಬ್ಲೂಸ್’, 2003ರ ಮೇ 18ರದು. ಇದರಲ್ಲಿ ಪ್ರಣಯವಿಲ್ಲ. ಊರಿನವರಿಂದ ತಿರಸ್ಕೃತನಾದ ಮೋ ಸೇತುವೆಯ ಮೇಲೆ ಪ್ರಾಣ ಕಳೆದುಕೊಳ್ಳಲು ನಿಂತಿರುವಾಗ, ಕಾರಿನಿಂದ ಚಿಮ್ಮಿದ ಮ್ಯಾಗಿ ಅವನ ತೋಳಿಗೆ ಬಂದು ಬೀಳುತ್ತಾಳೆ. ಆಮೇಲೆ ಅವನು ಆ ಕೂಸನ್ನು ನೋಡಿಕೊಳ್ಳುವವನಾಗುತ್ತಾನೆ, ಅದರ ಕಣ್ಣಿನಲ್ಲಿ ತಾನು ಬೇಕಾದವನು ಎಂಬುದನ್ನು ಮೊದಲ ಸಲ ಕಾಣುತ್ತಾನೆ. ಒಂಟಿತನಕ್ಕೆ ಗಂಡುಹೆಣ್ಣಿನ ಪ್ರೀತಿಯೊಂದೇ ಮದ್ದಲ್ಲ ಎಂದು ಇಷ್ಟು ಸರಳವಾಗಿ ಹೇಳುವುದರಿಂದ ನನಗೆ ಮೋನ ಕಂತುಗಳಲ್ಲೆಲ್ಲ ಇದು ಹೆಚ್ಚು ಪ್ರಿಯ. ಆದರೆ ಆತ್ಮಹತ್ಯೆಯ ಯೋಚನೆ ಇದರಲ್ಲಿ ನೇರವಾಗಿ ಬರುತ್ತದೆ. ಮನಸ್ಸು ಕುಗ್ಗಿರುವ ದಿನಗಳಲ್ಲಿ, ಅಥವಾ ಅಂಥವರ ಜೊತೆ ಕುಳಿತು ನೋಡುವಾಗ, ಇದನ್ನು ಬದಿಗಿಟ್ಟು ಮಾಯಾಳ ಕಥೆಯನ್ನು ಆರಿಸಿಕೊಳ್ಳಿ.

ಸೆಲ್ಮಾ ಬೂವಿಯೆ ಮತ್ತು ಅವಳ ಅವಳಿ ಪ್ಯಾಟಿ, ನಮ್ಮ ಆರ್‌ಟಿಓ ಕಚೇರಿಯಂಥ ವಾಹನ ಇಲಾಖೆಯಲ್ಲಿ ಕೆಲಸಮಾಡುವವರು, ಸಿಗರೇಟು ಸೇದುವವರು, ಹೋಮರ್‌ನನ್ನು ಕಂಡರೆ ಆಗದವರು. ಮಾರ್ಜ್‌ಗೆ ದನಿ ಕೊಡುವ ಜೂಲಿ ಕ್ಯಾವ್ನರ್ ಅವರೇ ಈ ಇಬ್ಬರಿಗೂ ದನಿಯಾಗಿದ್ದಾರೆ. ಒಂದೇ ಗಂಟಲಿನಿಂದ ಗೃಹಿಣಿಯ ತಾಳ್ಮೆ ಮತ್ತು ಅವಿವಾಹಿತೆಯ ಬೇಸರ ಎರಡೂ ಹೊರಡುವುದನ್ನು ಕೇಳುವುದೇ ಒಂದು ಅನುಭವ. ಇಲ್ಲಿಯೂ ಮೂರು ಕಂತುಗಳು ಎದುರಾಗುತ್ತವೆ, ಆದರೆ ಅವುಗಳ ನಡುವೆ ಆರಿಸುವುದು ಮೋನ ವಿಷಯದಲ್ಲಿ ಆದಷ್ಟು ಕಷ್ಟವಲ್ಲ.

1991ರ ಫೆಬ್ರುವರಿ 14ರ ‘ಪ್ರಿನ್ಸಿಪಾಲ್ ಚಾರ್ಮಿಂಗ್’ನಲ್ಲಿ ಸೆಲ್ಮಾಳಿಗೆ ಗಂಡು ಹುಡುಕುವ ಕೆಲಸ ಹೋಮರ್‌ನ ತಲೆಗೆ ಬರುತ್ತದೆ, ಅವನು ಕರೆತಂದ ಸ್ಕಿನ್ನರ್ ಮನಸೋಲುವುದು ಪ್ಯಾಟಿಗೆ. ಪ್ಯಾಟಿಗೆ ಮದುವೆಯ ಆಸೆಯೇ ಇಲ್ಲ, ಆಸೆಯಿರುವ ಸೆಲ್ಮಾಳನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಪ್ಯಾಟಿ ಸ್ಕಿನ್ನರ್‌ನನ್ನು ನಿರಾಕರಿಸಿ, ಕುಡುಕ ಬಾರ್ನಿಯ ಜೊತೆ ಕುಳಿತಿದ್ದ ಅಕ್ಕನನ್ನು ಕರೆದುಕೊಂಡು ಮನೆಗೆ ಹೋಗುತ್ತಾಳೆ. 1993ರ ಜನವರಿ 21ರ ‘ಸೆಲ್ಮಾಸ್ ಚಾಯ್ಸ್’ನಲ್ಲಿ, ಒಬ್ಬಂಟಿಯಾಗಿ ಬದುಕಿ ತೀರಿಕೊಂಡ ಗ್ಲಾಡಿಸ್ ಎಂಬ ಬಂಧು, ನನ್ನ ಹಾಗೆ ಬಾಳಬೇಡಿ ಎಂದು ವಿಡಿಯೊದಲ್ಲಿ ಎಚ್ಚರಿಸಿ ಹೋಗಿರುತ್ತಾಳೆ, ಹೆದರಿದ ಸೆಲ್ಮಾಳಿಗೆ ಮಗು ಬೇಕೆಂಬ ಹಟ ಹತ್ತುತ್ತದೆ. ಬಾರ್ಟ್ ಮತ್ತು ಲೀಸಾರನ್ನು ಮನರಂಜನಾ ಪಾರ್ಕಿಗೆ ಕರೆದೊಯ್ದು ಸುಸ್ತಾದ ಮೇಲೆ ಅವಳು ಮಗುವಿನ ಆಸೆಯನ್ನು ಬದಿಗಿಟ್ಟು, ಗ್ಲಾಡಿಸ್ ಬಿಟ್ಟುಹೋದ ಜಬ್-ಜಬ್ ಎಂಬ ಇಗ್ವಾನಾವನ್ನು ಎದೆಗವಚಿಕೊಂಡು ಹಾಡುತ್ತಾಳೆ. ಇದನ್ನು ಸೋಲು ಎಂದೂ ನೋಡಬಹುದು, ನೆಮ್ಮದಿ ಎಂದೂ ನೋಡಬಹುದು. ಕಂತು ಯಾವುದನ್ನೂ ಒತ್ತಾಯಿಸುವುದಿಲ್ಲ. 1996ರ ಮಾರ್ಚ್ 24ರ ‘ಎ ಫಿಶ್ ಕಾಲ್ಡ್ ಸೆಲ್ಮಾ’ದಲ್ಲಿ ಅವಳನ್ನು ಮದುವೆಯಾಗುವವನು ಹಳೆಯ ಚಿತ್ರನಟ ಟ್ರಾಯ್ ಮೆಕ್‌ಕ್ಲೂರ್, ಹದಗೆಟ್ಟ ತನ್ನ ಹೆಸರನ್ನು ಸರಿಪಡಿಸಿಕೊಳ್ಳಲು ಅವನಿಗೆ ಹೆಂಡತಿಯೊಬ್ಬಳು ಬೇಕಾಗಿರುತ್ತಾಳೆ. ಅದು ಬರೀ ತೋರಿಕೆಯ ಸಂಸಾರವೆಂದು ಗೊತ್ತಾದ ಮೇಲೂ ಸೆಲ್ಮಾ ಸ್ವಲ್ಪ ಕಾಲ ಅದನ್ನು ಒಪ್ಪಿಕೊಳ್ಳುತ್ತಾಳೆ. ಒಂಟಿಯಾಗಿರುವುದಕ್ಕಿಂತ ಸುಳ್ಳು ಸಂಸಾರವೇ ವಾಸಿ ಎಂದು ಲೆಕ್ಕ ಹಾಕುವ ಮನುಷ್ಯರು ನಮ್ಮ ನಡುವೆ ಎಷ್ಟಿಲ್ಲ! ಆದರೆ ಈ ತೋರಿಕೆಗೆ ಮಗುವನ್ನೂ ತರಬೇಕೆಂದಾಗ, ಪ್ರೀತಿಯಿಲ್ಲದ ಮನೆಗೆ ಕೂಸನ್ನು ತರಲಾರೆನೆಂದು ಹೇಳಿ ಅವಳು ಹೊರಬರುತ್ತಾಳೆ. ‘ಸೆಲ್ಮಾಸ್ ಚಾಯ್ಸ್’ನಲ್ಲಿ ಅವಳು ಅಷ್ಟು ಹಂಬಲಿಸಿದ್ದು ಮಗುವಿಗಾಗಿಯೇ ಎಂಬುದು ನೆನಪಿದ್ದರೆ ಈ ನಿರಾಕರಣೆಯ ಬೆಲೆ ತಿಳಿಯುತ್ತದೆ, ಆದ್ದರಿಂದ ಇವೆರಡನ್ನೂ ಇದೇ ಕ್ರಮದಲ್ಲಿ, ಸಾಧ್ಯವಾದರೆ ಒಂದೇ ಸಂಜೆ ನೋಡಬೇಕು. ‘ಪ್ರಿನ್ಸಿಪಾಲ್ ಚಾರ್ಮಿಂಗ್’ ಅಕ್ಕತಂಗಿಯರ ಬಾಂಧವ್ಯ ಇಷ್ಟವಾಗುವವರಿಗೆ. 2005ರ ಕಂತೊಂದರಲ್ಲಿ ಸೆಲ್ಮಾ ಚೀನಾದಿಂದ ಲಿಂಗ್ ಎಂಬ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಾಳೆ. ಅವಳ ಆಸೆ ಈಡೇರಿದ್ದು ಸಂತೋಷವೇ ಆದರೂ ಆ ಕಂತಿನ ಕಥೆ ಹಿಂದಿನ ಎರಡರ ಎತ್ತರಕ್ಕೆ ಏರುವುದಿಲ್ಲ.

ಮನೆಯ ಹಿರಿಯರ ಜೊತೆ, ಮಕ್ಕಳ ಜೊತೆ ಕುಳಿತು ನೋಡಬೇಕಾದವರಿಗೆ ಇವೆಲ್ಲವನ್ನೂ ಬಿಟ್ಟು ‘ಓಲ್ಡ್ ಮನಿ’ಯನ್ನು ಸೂಚಿಸುತ್ತೇನೆ. 1991ರ ಮಾರ್ಚ್ 28ರ ಈ ಕಂತಿನಲ್ಲಿ ವೃದ್ಧಾಶ್ರಮದ ದಾದಿಯ ಕೈತಪ್ಪಿನಿಂದ ಮಾತ್ರೆಗಳು ಅದಲುಬದಲಾಗಿ ಅಜ್ಜ ಏಬ್‌ಗೆ ಬಿಯಾಟ್ರಿಸ್ ಸಿಮನ್ಸ್ ಎಂಬ ವೃದ್ಧೆಯ ಪರಿಚಯವಾಗುತ್ತದೆ. ಇಬ್ಬರೂ ಎದುರುಬದುರು ಕೂತು ಮಾತ್ರೆ ನುಂಗುವುದೇ ಅವರ ಶೃಂಗಾರ. ಬಿಯಾಳ ಹುಟ್ಟುಹಬ್ಬದ ದಿನ ಹೋಮರ್, ಅಪ್ಪ ಹೇಳುವುದನ್ನು ಕಿವಿಗೆ ಹಾಕಿಕೊಳ್ಳದೆ, ಅಂಥ ಗೆಳತಿ ಇರುವುದೇ ಸುಳ್ಳೆಂದು ತಿಳಿದು, ಅವನನ್ನು ಬಲವಂತವಾಗಿ ಕುಟುಂಬದ ಪ್ರವಾಸಕ್ಕೆ ಎಳೆದೊಯ್ಯುತ್ತಾನೆ. ಹಿಂತಿರುಗುವಷ್ಟರಲ್ಲಿ ಬಿಯಾ ಇಲ್ಲ. ವಯಸ್ಸಾದವರಿಗೆ ಮನಸ್ಸೊಂದಿದೆ, ಅವರಿಗೂ ಯಾರದೋ ಹುಟ್ಟುಹಬ್ಬಕ್ಕೆ ಹೋಗಬೇಕಾಗಿರುತ್ತದೆ ಎಂಬುದು ಮಕ್ಕಳ ತಲೆಗೆ ಹೋಗದಿರುವ ಈ ಸ್ಥಿತಿ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಅವಳು ಬಿಟ್ಟುಹೋದ 1,06,000 ಡಾಲರನ್ನು ಏಬ್ ಏನು ಮಾಡುತ್ತಾನೆಂಬುದು ಕಂತಿನ ಎರಡನೆಯ ಅರ್ಧ. ಜೂಜಿನ ಮೇಜಿನವರೆಗೆ ಹೋದ ಆ ಹಣ ಕೊನೆಗೆ ಅವನು ವಾಸಿಸುವ ವೃದ್ಧಾಶ್ರಮದ ದುರಸ್ತಿಗೇ ಸಲ್ಲುತ್ತದೆ. ಬಿಯಾಗೆ ದನಿ ಕೊಟ್ಟವರು ಹಿರಿಯ ನಟಿ ಆಡ್ರೆ ಮೆಡೋಸ್. ಸರಣಿಯ ಆರಂಭದ ವರ್ಷಗಳದ್ದಾದ್ದರಿಂದ ಚಿತ್ರಗಳು ಕೊಂಚ ಒರಟು, ಹಾಸ್ಯದ ವೇಗವೂ ಕಡಿಮೆ. ಈ ವಸ್ತುವಿಗೆ ಆ ನಿಧಾನವೇ ಒಪ್ಪುತ್ತದೆ.

ವಿಚ್ಛೇದನದ ವಿಷಯದಲ್ಲಿ ಆಯ್ಕೆಯ ಗೊಂದಲವಿಲ್ಲ. 1996ರ ಡಿಸೆಂಬರ್ 1ರ ‘ಎ ಮಿಲ್‌ಹೌಸ್ ಡಿವೈಡೆಡ್’ನಲ್ಲಿ ಬಾರ್ಟ್‌ನ ಗೆಳೆಯ ಮಿಲ್‌ಹೌಸ್‌ನ ತಂದೆತಾಯಿ ಕರ್ಕ್ ಮತ್ತು ಲುವಾನ್, ಮಾರ್ಜ್ ಏರ್ಪಡಿಸಿದ ಊಟದ ಕೂಟದಲ್ಲೇ ಎಲ್ಲರೆದುರು ಜಗಳವಾಡಿ ಬೇರೆಯಾಗುತ್ತಾರೆ. ಲುವಾನ್ ಅರಳುತ್ತಾಳೆ, ಕರ್ಕ್ ಕುಸಿಯುತ್ತಾನೆ. ಬಿಸ್ಕತ್ತಿನ ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆಯುವಾಗ, ತಮ್ಮದು ಸಂಸಾರಸ್ಥರ ತಿನಿಸು, ಒಂಟಿಯಾದವರು ಅದನ್ನು ತಿನ್ನುತ್ತಾರೋ ಇಲ್ಲವೋ ತಮಗೆ ಬೇಕಾಗಿಲ್ಲ ಎಂಬ ಧಾಟಿಯಲ್ಲಿ ಮಾತಾಡುತ್ತಾರೆ. ಸಂಸಾರ ಮುರಿದವನನ್ನು ಸಮಾಜ ಎಲ್ಲಿ ಕೂರಿಸುತ್ತದೆಂಬುದನ್ನು ಆ ಒಂದು ಮಾತು ಹೇಳಿಬಿಡುತ್ತದೆ. ಕೊನೆಯಲ್ಲಿ ಕರ್ಕ್ ಹಾಡು ಕಟ್ಟಿ, ಮತ್ತೆ ಮದುವೆಯಾಗೆಂದು ಬೇಡುತ್ತಾನೆ. ಬೇರೆ ಯಾವ ಧಾರಾವಾಹಿಯಾದರೂ ಇಲ್ಲಿ ಇಬ್ಬರನ್ನೂ ಒಂದುಮಾಡುತ್ತಿತ್ತು, ಲುವಾನ್ ಇಲ್ಲವೆನ್ನುತ್ತಾಳೆ. ಆ ಧೈರ್ಯಕ್ಕಾಗಿ ಈ ಕಂತು ನೋಡಬೇಕು. 2007ರಲ್ಲಿ ಅವರಿಬ್ಬರೂ ಮತ್ತೆ ಮದುವೆಯಾದದ್ದು ಹಳೆಯ ಧೈರ್ಯವನ್ನು ಸಡಿಲಿಸಿತೆಂದು ನನ್ನ ಅನಿಸಿಕೆ. ಆ ಮುಂದಿನ ಭಾಗವನ್ನು ಕೈಬಿಟ್ಟರೆ ನಷ್ಟವಿಲ್ಲ.

ಅಪು ಮತ್ತು ಮಂಜುಳಾ ಅವರ ವಿಚಾರದಲ್ಲಿ ಕನ್ನಡದ ನೋಡುಗರು ತುಸು ಸಿದ್ಧವಾಗಿರಬೇಕು. 1997ರ ನವೆಂಬರ್ 16ರ ‘ದ ಟೂ ಮಿಸೆಸ್ ನಹಸಪೀಮಾಪೆಟಿಲಾನ್ಸ್’ ಕಂತಿನಲ್ಲಿ ಕಿರಾಣಿ ಅಂಗಡಿಯ ಅಪುವಿಗೆ ಭಾರತದಲ್ಲಿ ಬಾಲ್ಯದಲ್ಲೇ ಗೊತ್ತುಮಾಡಿದ್ದ ಮದುವೆ ನಡೆಯಬೇಕಾಗುತ್ತದೆ. ತಪ್ಪಿಸಿಕೊಳ್ಳಲು ಅವನು ಮಾರ್ಜ್‌ಳನ್ನೇ ತನ್ನ ಹೆಂಡತಿಯೆಂದು ತಾಯಿಗೆ ತೋರಿಸುತ್ತಾನೆ. ಮಂಜುಳಾ ಎಂಬ ಹೆಸರು ನಮ್ಮ ಪ್ರತಿ ಬೀದಿಯಲ್ಲೂ ಕೇಳಿಸುವಂಥದ್ದು. ಅಡ್ಡಹೆಸರು ಮಾತ್ರ ಭಾರತದ ಯಾವ ಊರಿನದೂ ಅಲ್ಲ. ಮಂಟಪದಲ್ಲಿ ಕುಳಿತ ಇಬ್ಬರು ಅಪರಿಚಿತರು ಒಂದೆರಡು ಮಾತಿನಲ್ಲೇ ಪರಸ್ಪರ ಮೆಚ್ಚಿಕೊಳ್ಳುವ ಭಾಗ ನವಿರಾಗಿದೆ, ಗೊತ್ತುಮಾಡಿದ ಮದುವೆಯನ್ನು ಅದು ಹಾಸ್ಯಾಸ್ಪದವೆಂದು ತಳ್ಳಿಹಾಕುವುದೂ ಇಲ್ಲ. ಆದರೆ ಮದುವೆಯನ್ನು ನಿಲ್ಲಿಸಲು ಹೋಮರ್ ಗಣೇಶನ ವೇಷ ಹಾಕಿ ಬರುವ ದೃಶ್ಯ ಅನೇಕರಿಗೆ ನೋವುಂಟುಮಾಡೀತು. ಅಪುವಿನ ಉಚ್ಚಾರಣೆಯ ಬಗ್ಗೆ, ಭಾರತೀಯನಲ್ಲದವರು ಆ ದನಿ ಕೊಡುವುದರ ಬಗ್ಗೆ ಎದ್ದ ಆಕ್ಷೇಪ 2017ರ ಸಾಕ್ಷ್ಯಚಿತ್ರವೊಂದರಿಂದ ಬಲಗೊಂಡಿತು; 2020ರಲ್ಲಿ ಅಜೇರಿಯಾ ಅವರು ತಾವು ಇನ್ನು ಅಪುವಿಗೆ ದನಿ ಕೊಡುವುದಿಲ್ಲವೆಂದು ತಿಳಿಸಿದರು. ಆ ಆಕ್ಷೇಪ ನ್ಯಾಯವಾದದ್ದು. ಹಾಗೆಂದು ಅಪುವಿನ ಒಂಟಿತನವೂ ಸುಳ್ಳಾಗುವುದಿಲ್ಲ: ಊರಿಗೆಲ್ಲ ಸಾಮಾನು ಕೊಡುವವನು, ಯಾರ ಮನೆಯ ಊಟಕ್ಕೂ ಸೇರದವನು. ಹೊರದೇಶದಲ್ಲಿ ಒಂಟಿಯಾಗಿ ಬದುಕಿರುವ ಕನ್ನಡಿಗರು ಈ ಪಾತ್ರದಲ್ಲಿ ತಮ್ಮದೇ ಏನನ್ನೋ ಕಂಡುಕೊಂಡಾರು, ಕೆರಳಿಯೂ ಕೆರಳಿಯಾರು. ಇದನ್ನು ಮೊದಲ ಆಯ್ಕೆಯಾಗಿ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಇನ್ನಿಬ್ಬರ ಬಗ್ಗೆ ಚುಟುಕಾಗಿ. ಮುದುಕ ಬರ್ನ್ಸ್‌ನ ಸಹಾಯಕ ಸ್ಮಿದರ್ಸ್ ತನ್ನ ಯಜಮಾನನನ್ನೇ ಪ್ರೀತಿಸುವುದು ಕಾಲು ಶತಮಾನ ಕಾಲ ಬರೀ ಸೂಚನೆಯ ತಮಾಷೆಯಾಗಿತ್ತು. 2016ರ ಏಪ್ರಿಲ್ 3ರ ‘ದ ಬರ್ನ್ಸ್ ಕೇಜ್’ನಲ್ಲಿ ಅದು ಅವನ ಸ್ವಂತ ನೋವಾಗಿ ಮುಂದೆ ಬಂತು. ತಡವಾದರೂ ಒಳ್ಳೆಯ ಹೆಜ್ಜೆ. ಕಾಮಿಕ್ ಅಂಗಡಿಯವನ ಕಥೆ, 2014ರ ‘ಮ್ಯಾರೀಡ್ ಟು ದ ಬ್ಲಾಬ್’, ಅವನನ್ನು ಜಪಾನಿನ ಕಲಾವಿದೆ ಕುಮಿಕೋ ಜೊತೆ ಮದುವೆ ಮಾಡಿಸುತ್ತದೆ. ಹಗುರವಾದ ಸಂತೋಷ ಬೇಕಾದ ದಿನಕ್ಕೆ ಅದು ಸಾಕು.

ನೆಡ್ ಫ್ಲ್ಯಾಂಡರ್ಸ್‌ನನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅವನ ದಾರಿ ಮತ್ತೆ ಎಡ್ನಾಳಿಗೆ ಬಂದು ಸೇರುತ್ತದೆ. 2000ದ ಫೆಬ್ರುವರಿ 13ರ ‘ಅಲೋನ್ ಅಗೇನ್, ನ್ಯಾಚುರಾ-ಡಿಡಿಲಿ’ಯಲ್ಲಿ ಅವನ ಹೆಂಡತಿ ಮಾಡ್, ರೇಸಿನ ಮೈದಾನದಲ್ಲಿ ಪ್ರೇಕ್ಷಕರತ್ತ ಹಾರಿಸಿದ ಟೀಶರ್ಟುಗಳ ಏಟಿಗೆ ಬಿದ್ದು ಸಾಯುತ್ತಾಳೆ. ಆ ಸಾವನ್ನು ತಮಾಷೆಯಾಗಿ ಚಿತ್ರಿಸಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಆದರೆ ಆಮೇಲೆ ದೈವಭಕ್ತನಾದ ನೆಡ್ ದೇವರ ಮೇಲೇ ಮುನಿಸಿಕೊಳ್ಳುವುದು, ಮತ್ತೆ ಅಳುಕುತ್ತ ಚರ್ಚಿನ ಬಾಗಿಲಿಗೆ ಬರುವುದು ಮನಸ್ಸನ್ನು ಮುಟ್ಟುತ್ತವೆ. 11 ವರ್ಷಗಳ ನಂತರ, 2011ರ ಮೇ 22ರ ‘ದ ನೆಡ್-ಲಿಯೆಸ್ಟ್ ಕ್ಯಾಚ್’ನಲ್ಲಿ, ಅವನಿಗೂ ಎಡ್ನಾಳಿಗೂ ಪ್ರೀತಿಯಾಗುತ್ತದೆ. ಅವರು ಒಟ್ಟಿಗಿರಬೇಕೇ ಬೇಡವೇ ಎಂಬುದನ್ನು ವಾಹಿನಿ ವೀಕ್ಷಕರ ಮತಕ್ಕೆ ಬಿಟ್ಟಿತು, ವೀಕ್ಷಕರು ಒಟ್ಟಿಗಿರಲಿ ಎಂದರು. ಮರುವರ್ಷದ ಮೇ ತಿಂಗಳ ‘ನೆಡ್ ಎನ್ ಎಡ್ನಾಸ್ ಬ್ಲೆಂಡ್’ನಲ್ಲಿ ಅವರಿಬ್ಬರು ಗುಟ್ಟಾಗಿ ಮದುವೆಯಾಗಿರುವುದು ತಿಳಿಯುತ್ತದೆ. 1992ರಲ್ಲಿ ಹೋಟೆಲಿನಲ್ಲಿ ಯಾರೂ ಬಾರದೆ ಕುಳಿತಿದ್ದವಳಿಗೆ 20 ವರ್ಷಗಳ ನಂತರ ಒಂದು ಮನೆ ಸಿಕ್ಕಿತು.

ಅದು ಹೆಚ್ಚು ಕಾಲ ಉಳಿಯಲಿಲ್ಲ. 2013ರ ಅಕ್ಟೋಬರ್ 25ರಂದು ಮಾರ್ಷಾ ವ್ಯಾಲೇಸ್ ತೀರಿಕೊಂಡರು. ಆ ದನಿಯನ್ನು ಇನ್ನೊಬ್ಬರಿಂದ ತುಂಬದೆ ಪಾತ್ರವನ್ನೂ ಅವರೊಂದಿಗೇ ಕಳಿಸಿಕೊಡಲಾಯಿತು. ನವೆಂಬರ್ 3ರ ಕಂತಿನ ಆರಂಭದಲ್ಲಿ ಬಾರ್ಟ್ ಕರಿಹಲಗೆಯ ಮೇಲೆ ಎಂದಿನಂತೆ ಶಿಕ್ಷೆಯ ಸಾಲನ್ನು ಮತ್ತೆ ಮತ್ತೆ ಗೀಚದೆ, ತನ್ನ ಶಿಕ್ಷಕಿಯನ್ನು ನೆನೆಯುವ ಒಂದೇ ಸಾಲು ಬರೆದು ಬಾಡಿದ ಮುಖದಿಂದ ನಿಂತಿರುತ್ತಾನೆ. ಎಡ್ನಾಳ ಎಳೆಯನ್ನು ಪೂರ್ತಿಯಾಗಿ ನೋಡಬೇಕೆಂದು ನಿರ್ಧರಿಸಿದವರು ‘ಬಾರ್ಟ್ ದ ಲವರ್’ನಿಂದ ಶುರುಮಾಡಿ, ‘ಗ್ರೇಡ್ ಸ್ಕೂಲ್ ಕಾನ್ಫಿಡೆನ್ಷಿಯಲ್’ ಮತ್ತು ನೆಡ್‌ನ ಮೂರು ಕಂತುಗಳನ್ನು ದಾಟಿ, 2014ರ ಮಾರ್ಚ್ 9ರ ‘ದ ಮ್ಯಾನ್ ಹೂ ಗ್ರೂ ಟೂ ಮಚ್’ನ ಕೊನೆಯ ನಿಮಿಷಕ್ಕೆ ಬಂದು ನಿಲ್ಲಬೇಕು. ಎಡ್ನಾಳ ಜೊತೆ ನೃತ್ಯ ಮಾಡುವ ಕನಸಿನಿಂದ ಎಚ್ಚೆತ್ತ ನೆಡ್, ಅವಳ ನಗುವನ್ನು ನೆನೆಯುತ್ತಾನೆ. ಕಿಟಕಿಯ ಆಚೆಯಿಂದ, ಎಲ್ಲರನ್ನೂ ಅಣಕಿಸಿ ನಗುವುದೇ ಕೆಲಸವಾಗಿದ್ದ ಪುಂಡ ಹುಡುಗ ನೆಲ್ಸನ್ ಅದೇ ಅಣಕದ ನಗೆಯನ್ನು ಶುರುಮಾಡಿ, ತನಗೂ ಅವಳು ನೆನಪಾಗುತ್ತಾಳೆಂದು ಹೇಳುತ್ತಾನೆ.